ಸ್ಕೂಲ್ ನಂಜಕ್ಕನ ಆರನೆಯ ಬಾಗಿಲು

ಆರು ಮನೆಯ ಬಾಗಿಲಿಗೆ ಹೋಗಿ ಒಂದು ಮಾತು ಹೇಳಿ ಬಾ ಎಂದು ಅಕ್ಕ ನನ್ನನ್ನು ಕಳಿಸಿದ್ದಳು. ನಾನು ಐದಕ್ಕೆ ಹೋದೆ. ಆರನೆಯದಕ್ಕೆ ಹೋಗಲಿಲ್ಲ. ಮನೆಗೆ ಬಂದು, ಎಲ್ಲಾ ಆಯಿತು ಎಂದೆ. ನಾನು ಮಾಡಿದ್ದು ಇಷ್ಟೇ. ಇಷ್ಟನ್ನು ಬಾಯಿ ಬಿಟ್ಟು ಹೇಳುವುದಕ್ಕೆ ನನಗೆ ಇಪ್ಪತ್ತೆರಡು ವರ್ಷ ಬೇಕಾಯಿತು. ಓದಿದ್ದು ಕನ್ನಡ ಮೂರನೆಯ ಕ್ಲಾಸು. ಬರೆದು ಅಭ್ಯಾಸವಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ಅಕ್ಕನ ವಿಷಯವಾಗಿ ಇದುವರೆಗೆ ಬರೆದಿರುವುದು ಸ್ಕೂಲಿನ ಪುಸ್ತಕದಲ್ಲಿ ಹೆಡ್ ಮೇಷ್ಟ್ರು ಬರೆದ ಎರಡು ಸಾಲು ಮಾತ್ರ, ಮತ್ತು ಆ ಎರಡೂ ಸಾಲು ಅನ್ಯಾಯದವು.

ಅಕ್ಕನ ಹೆಸರು ನಂಜಮ್ಮ. ಊರಿಗೆಲ್ಲ ಸ್ಕೂಲ್ ನಂಜಕ್ಕ. ನಮ್ಮೂರು ಮಧುಗಿರಿಯಿಂದ ಕೊರಟಗೆರೆಗೆ ಹೋಗುವ ದಾರಿಯಲ್ಲಿದೆ. ಮಹಾರಾಜರ ಸರ್ಕಾರ ಅಲ್ಲಿ ಹೆಣ್ಣುಮಕ್ಕಳಿಗೆ ಸ್ಕೂಲು ತೆರೆದಾಗ, ಮಕ್ಕಳನ್ನು ಮನೆಯಿಂದ ಸ್ಕೂಲಿಗೆ ಕರೆದುಕೊಂಡು ಬಂದು, ಮತ್ತೆ ಮನೆಗೆ ಮುಟ್ಟಿಸುವುದಕ್ಕೆ ಒಬ್ಬ ಹೆಂಗಸು ಬೇಕಾಗಿತ್ತು. ಅಂಥವಳಿಲ್ಲದಿದ್ದರೆ ಆ ಕಾಲದಲ್ಲಿ ಯಾವ ತಂದೆಯೂ ಮಗಳನ್ನು ಬೀದಿಗೆ ಬಿಡುತ್ತಿರಲಿಲ್ಲ. ಅಕ್ಕ ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಅವಳನ್ನು ಕರೆದು ಕೆಲಸ ಕೊಟ್ಟರು. ಅಕ್ಷರ ಗೊತ್ತಿರಲಿಲ್ಲ. ಇಪ್ಪತ್ತರ ಮೇಲೆ ಎಣಿಸುವುದೂ ಬರುತ್ತಿರಲಿಲ್ಲ.

ಅದಕ್ಕೇ ಅವಳು ಹಗ್ಗ ಮಾಡಿಕೊಂಡಳು. ಉದ್ದನೆಯ ಸೆಣಬಿನ ಹಗ್ಗ, ಮೊಳಕ್ಕೊಂದು ಗಂಟು. ಒಬ್ಬೊಬ್ಬ ಹುಡುಗಿಗೆ ಒಂದೊಂದು ಗಂಟು. ಯಾರ ಗಂಟು ಯಾರದೆಂದು ತಿಳಿಯಲಿ ಎಂದು ಆಯಾ ಮಗುವಿನ ಮನೆಯಿಂದಲೇ ಒಂದು ಚೂರು ಬಟ್ಟೆ ಕೇಳಿ ತಂದು ಅದರಲ್ಲಿ ಸೇರಿಸಿ ಬಿಗಿದಿದ್ದಳು. ಶಾನುಭೋಗರ ಮಗಳದ್ದು ಕೆಂಪು ರೇಷ್ಮೆ, ಗಾಣಿಗರ ಹುಡುಗಿಯದು ಎಣ್ಣೆ ಹತ್ತಿದ ಹಳದಿ ಚೂರು. ಬೆಳಿಗ್ಗೆ ಹಗ್ಗ ಹಿಡಿದು ಮೂವತ್ತು ಚಿಲ್ಲರೆ ಹುಡುಗಿಯರು ಸಾಲಾಗಿ ಬರುತ್ತಿದ್ದರು, ಮುಂದೆ ಅಕ್ಕ, ಕೈಯಲ್ಲಿ ಬಿದಿರು ಕೋಲು. ನಂಜಕ್ಕ ಕರು ಹೊಡ್ಕೊಂಡು ಹೊಂಟ್ಲು ಎಂದು ಚಾವಡಿಯ ಮೇಲೆ ಕೂತವರು ನಗುತ್ತಿದ್ದರು. ಕರು ಕಳ್ದೋದ್ರೆ ಊರೆಲ್ಲ ಹುಡುಕ್ತೀರ, ಇವು ಕಳ್ದೋದ್ರೆ ಹುಡುಕೋರ್ಯಾರು ಎಂದು ಅಕ್ಕ ನಡೆಯುತ್ತಲೇ ಅನ್ನುತ್ತಿದ್ದಳು.

ಖಾಲಿ ಗಂಟನ್ನು ಅವಳು ಸುಮ್ಮನೆ ಬಿಡುತ್ತಿರಲಿಲ್ಲ. ಬೆಳಿಗ್ಗೆ ಯಾವ ಗಂಟು ಖಾಲಿಯೋ, ಆ ಮನೆಗೆ ಅವತ್ತು ಸಂಜೆಯೊಳಗೆ ಹೋಗಬೇಕು. ಮಗು ಯಾಕೆ ಬರಲಿಲ್ಲ ಎಂದು ಕೇಳಬೇಕು. ಸ್ಕೂಲಿನಲ್ಲಿ ಅವತ್ತು ಏನಾಯಿತು, ನಾಳೆ ಏನಿದೆ ಎಂದು ಹೇಳಬೇಕು. ಇದನ್ನು ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರಿಗೆ ಅದು ಹೊಳೆದೂ ಇರಲಿಲ್ಲ. ಮಗಳು ಹಗಲೆಲ್ಲ ಕೂರುವ ಜಾಗದಲ್ಲಿ ಏನು ನಡೆಯುತ್ತದೆಂದು ತಾಯಿಗೆ ಗೊತ್ತಾಗಬೇಕು ಎಂಬ ಬುದ್ಧಿ ಪೇಟ ಸುತ್ತಿದ ಒಬ್ಬ ಗಂಡಸಿಗೂ ಇರಲಿಲ್ಲ, ಅಕ್ಷರವಿಲ್ಲದ ನಮ್ಮಕ್ಕನಿಗೆ ಇತ್ತು.

ಯಾರ ಮನೆಯೊಳಕ್ಕೂ ಕಾಲಿಡುತ್ತಿರಲಿಲ್ಲ. ಹೊಸ್ತಿಲಿಗೆ ಕೋಲಿನಿಂದ ಮೂರು ಸಲ ತಟ್ಟಿ, "ಸ್ಕೂಲಿನ ಮಾತು, ಬಾಗ್ಲಿಗೆ ಬನ್ರವ್ವ" ಅನ್ನುತ್ತಿದ್ದಳು. ಒಳಗಿನಿಂದಲೇ ಹೂಂ ಅಂದರೆ ಆಗುತ್ತಿರಲಿಲ್ಲ. ಬಾಗಿಲಿಗೆ ಬರಬೇಕು, ಕೇಳಬೇಕು, ಕೇಳಿದ್ದನ್ನು ತಿರುಗಿ ಅವಳಿಗೆ ಒಪ್ಪಿಸಬೇಕು. ಒಂದು ಸಲ ಸಿಡುಬು ಬಾರದಿರಲಿ ಎಂದು ಮಕ್ಕಳ ತೋಳಿಗೆ ದೇವಿ ಹಾಕುವವರು ಸ್ಕೂಲಿಗೆ ಬರುವುದಿತ್ತು. ಶಾನುಭೋಗರು ಲೆಕ್ಕದ ಕಡತದಿಂದ ತಲೆ ಎತ್ತದೆ, ಸರಿ ಸರಿ, ಕೇಳಿಸಿತು, ಹೋಗು ಎಂದರು. ಅಕ್ಕ ಹೋಗಲಿಲ್ಲ. ಏನು ಕೇಳಿಸ್ತು ಹೇಳಿ ಸ್ವಾಮಿ ಎಂದಳು. ಅವರು ಸಿಡುಕಿಕೊಂಡು, ನಾಡಿದ್ದು ದೇವಿ ಹಾಕಲು ಬರುತ್ತಾರೆ ತಾನೆ ಎಂದರು.

"ನಾಡಿದ್ದಲ್ಲ, ನಾಳೆ. ತಾವು ಬುದ್ಧಿವಂತ್ರು, ಇನ್ನೊಂದ್ ಸಲ ಹೇಳ್ಬುಡಿ."

ಶಾನುಭೋಗರ ಹೆಂಡತಿ ಅಡಿಗೆಮನೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕರಂತೆ. ಶಾನುಭೋಗರು ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸಿದ ಮೇಲೆಯೇ ಅಕ್ಕ ಅಲ್ಲಿಂದ ಕದಲಿದ್ದು.

ಸ್ಕೂಲಿನವರಿಗೆ ಅವಳ ಮೇಲೆ ಹಗೆ ಶುರುವಾದದ್ದು ಬೇರೆ ಕಾರಣಕ್ಕೆ. ಒಬ್ಬ ಮೇಷ್ಟ್ರು ಗಾಣಿಗರ ಹುಡುಗಿಯ ಕೆನ್ನೆಗೆ ಹೊಡೆದು ಕಿವಿಯಲ್ಲಿ ರಕ್ತ ಬಂತು. ಹೆಡ್ ಮೇಷ್ಟ್ರು ಅಕ್ಕನನ್ನು ಕರೆದು, ಮಗು ಮೆಟ್ಟಿಲಲ್ಲಿ ಜಾರಿ ಬಿದ್ದಳು ಎಂದು ಮನೆಯಲ್ಲಿ ಹೇಳು ಎಂದರು. ಅಕ್ಕ ತಲೆ ಆಡಿಸಿದಳು. ಗಾಣಿಗರ ಬಾಗಿಲಲ್ಲಿ ಕೋಲು ತಟ್ಟಿ ಹೇಳಿದಳು:

"ಜಾರಿ ಬಿದ್ಲು ಅಂತ ಹೇಳು ಅಂದವ್ರೆ, ಹೇಳಿದೀನಿ. ಜಾರಿ ಬೀಳ್ನಿಲ್ಲ. ಮೇಷ್ಟ್ರು ಹೊಡುದ್ರು."

ಅವಳ ರೀತಿಯೇ ಅದು. ಕೊಟ್ಟ ಮಾತನ್ನು ಕೊಟ್ಟ ಹಾಗೆ ಮುಟ್ಟಿಸುವಳು, ಅದರ ಹಿಂದೆಯೇ ನಿಜವನ್ನೂ ಇಡುವಳು. ಗಾಣಿಗ ಮರುದಿನ ಬಂದು ಸ್ಕೂಲಿನ ಮುಂದೆ ನಿಂತ. ಆ ಮೇಷ್ಟ್ರು ಆಮೇಲೆ ಯಾವ ಮಗುವನ್ನೂ ಮುಟ್ಟಲಿಲ್ಲ. ಅಕ್ಕನನ್ನು ಕಂಡರೆ ಹೆಡ್ ಮೇಷ್ಟ್ರು ಮುಖ ತಿರುಗಿಸತೊಡಗಿದರು.

ಕೆರೆಯ ಆಚೆ ಕುರುಬರ ಬೀದಿ. ಕಂಬಳಿ ನೇಯುವವರು. ನೇಯುವ ಮುಂಚೆ ಬೀದಿಯ ಉದ್ದಕ್ಕೂ ಉಣ್ಣೆ ನೂಲಿನ ಹಾಸು ಎಳೆದು ಕಟ್ಟಿ, ಹುಣಿಸೆ ಬೀಜದ ಗಂಜಿ ಬಳಿದು ಒಣಗಿಸುತ್ತಿದ್ದರು. ನಾನು ಹಳ್ಳಿಗಳಲ್ಲಿ ಹುಣಿಸೆ ಹಣ್ಣು ಕೊಂಡು ಸಿರಾ ಸಂತೆಗೆ ಹಾಕುತ್ತಿದ್ದೆ, ಬೀಜವನ್ನು ಈ ಬೀದಿಗೆ ಕೊಡುತ್ತಿದ್ದೆ. ಆ ಬೀದಿಯಿಂದ ಒಂದು ಹೆಣ್ಣುಮಗುವೂ ಸ್ಕೂಲಿಗೆ ಬರುತ್ತಿರಲಿಲ್ಲ. ಅಕ್ಕ ಬೀರಣ್ಣನ ಮನೆಯ ಬಾಗಿಲಿಗೆ ಐದು ತಿಂಗಳು ಅಲೆದಳು. ಬೀರಣ್ಣನ ಮಗಳು ಕೆಂಚಿಗೆ ಆಗ ಎಂಟು ವರ್ಷ. ಬೀರಣ್ಣ ಬೇಡವೆನ್ನಲೂ ಇಲ್ಲ, ಹೂಂ ಅನ್ನಲೂ ಇಲ್ಲ. ಅವನ ಹೆಂಡತಿ ಈರಕ್ಕ ಮಾತ್ರ ಒಂದೇ ಪ್ರಶ್ನೆ ಹಿಡಿದುಕೊಂಡಿದ್ದಳು. ಸ್ಕೂಲು ಕೆರೆ ಆಚೆ. ಮಗೀಗೆ ಏನಾದರೂ ಆದರೆ ತನಗೆ ಹೇಳುವವರು ಯಾರು?

"ನಾನ್ ಹೇಳ್ತೀನಿ ಕಣಮ್ಮ. ಎಲ್ರ ಮನೆಗಿಂತ ಮೊದ್ಲು ನಿನ್ ಬಾಗ್ಲಿಗೇ ಬತ್ತೀನಿ," ಎಂದಳು ಅಕ್ಕ.

ಈರಕ್ಕ ಒಳಗೆ ಹೋಗಿ ಕರಿ ಉಣ್ಣೆಯ ಒಂದು ಎಳೆ ತಂದುಕೊಟ್ಟಳು. ಅಕ್ಕ ಅದನ್ನು ಹಗ್ಗದ ಕೊನೆಯ ಗಂಟಿಗೆ ಸುತ್ತಿದಳು. ಕೆಂಚಿ ಬಂದಳು. ಅವಳಿಗೆ ಸ್ಕೂಲೆಂದರೆ ಎಂಥ ಹುಚ್ಚೆಂದರೆ, ಸಂಜೆ ಹಗ್ಗ ಹಿಡಿಯುವ ಮುಂಚೆ ಕಸ ಗುಡಿಸಿಕೊಡುತ್ತಿದ್ದಳು. ಸ್ಲೇಟನ್ನು ಮಗುವಿನ ಹಾಗೆ ಸೊಂಟಕ್ಕೆ ಎತ್ತಿಕೊಳ್ಳುತ್ತಿದ್ದಳು.

ಸ್ಕೂಲು ನಡೆಯುತ್ತಿದ್ದದ್ದು ಸ್ಕೂಲು ಕಮಿಟಿಯ ಅಧ್ಯಕ್ಷರ ಹಳೆಯ ಮನೆಯಲ್ಲಿ. ಕೆಳಗೆ ಮಕ್ಕಳು, ಮೇಲೆ ಅಟ್ಟದಲ್ಲಿ ಅವರ ರಾಗಿ, ಕಡಲೆಕಾಯಿ ಮೂಟೆ. ರಾಗಿ ಇದ್ದಲ್ಲಿ ಇಲಿ. ಇಲಿ ಓಡಾಡಿದರೆ ಅಟ್ಟದಿಂದ ಮಣ್ಣು ಮಕ್ಕಳ ತಲೆಯ ಮೇಲೆ ಉದುರುತ್ತಿತ್ತು. ಅಕ್ಕ ಎಷ್ಟೋ ಸಲ ಹೇಳಿದ್ದಳು. ಯಾರೂ ಮೂಟೆ ಇಳಿಸಲಿಲ್ಲ.

ಆ ವರ್ಷ ಪಾವಗಡದ ಕಡೆ ಪ್ಲೇಗು ಎಂದು ಸುದ್ದಿ ಇತ್ತು. ಒಂದು ಶನಿವಾರ ಮಗ್ಗಿ ಒಪ್ಪಿಸುತ್ತಿದ್ದಾಗ ಅಟ್ಟದಿಂದ ಒಂದು ಇಲಿ ಬಿತ್ತು. ಗಿರಗಿರ ಸುತ್ತಿ ಸತ್ತಿತು. ಸ್ವಲ್ಪ ಹೊತ್ತಿಗೆ ಇನ್ನೆರಡು. ಇಲಿ ಬಿದ್ದರೆ ಏನೆಂದು ಆ ಕಾಲದಲ್ಲಿ ಎಳೆ ಮಗುವಿಗೂ ಗೊತ್ತಿತ್ತು. ಊರು ಬಿಡಬೇಕು. ಹೊಲದಲ್ಲಿ ಗುಡಿಸಲು ಹಾಕಬೇಕು. ಹೆಡ್ ಮೇಷ್ಟ್ರು ಅಧ್ಯಕ್ಷರ ಮನೆಗೆ ಓಡಿ ಹೋಗಿ ಬಂದರು. ಮಧ್ಯಾಹ್ನಕ್ಕೇ ಸ್ಕೂಲು ಬಿಟ್ಟರು. ಅಕ್ಕನಿಗೆ ಅಪ್ಪಣೆಯಾಯಿತು: ಸ್ಕೂಲಿಗೆ ರಿಪೇರಿ, ಎರಡು ವಾರ ರಜ ಎಂದು ಹೇಳು, ಇಲಿಯ ಮಾತು ಎತ್ತಬೇಡ. ಎತ್ತಿದರೆ ಪ್ಲೇಗಿನ ನೌಕರರು ಬಂದು ಹೆಂಚು ತೆಗೆಸಿ ಮೂಟೆಗಳನ್ನೆಲ್ಲ ಬೀದಿಗೆ ಹಾಕಿಸುತ್ತಾರಲ್ಲ. ಮೂವತ್ತು ಹೆಣ್ಣುಮಕ್ಕಳ ಪ್ರಾಣ ಒಂದು ಕಡೆ, ಅಧ್ಯಕ್ಷರ ರಾಗಿ ಒಂದು ಕಡೆ. ಅವರ ಕಣ್ಣಿಗೆ ಬಿದ್ದದ್ದು ರಾಗಿ.

ಅಕ್ಕನ ಕಾಲಿಗೆ ಆ ವಾರ ಜಾಲಿ ಮುಳ್ಳು ಮುರಿದು ಪಾದ ಬಾತುಕೊಂಡಿತ್ತು. ಕುಂಟುತ್ತಲೇ ಹುಡುಗಿಯರನ್ನೆಲ್ಲ ಮನೆ ಮುಟ್ಟಿಸಿದಳು. ಪ್ರತಿ ಬಾಗಿಲಲ್ಲೂ ಒಂದೇ ಮಾತು. ರಿಪೇರಿ ಅಂತ ಹೇಳು ಅಂದವ್ರೆ. ರಿಪೇರಿ ಅಲ್ಲ. ಇಲಿ ಬಿದ್ದವೆ. ಸ್ಕೂಲಿನ ಹತ್ರಕ್ಕೂ ಮಗೀನ ಬಿಡಬ್ಯಾಡಿ. ತಿರುಗಿ ಹೇಳಿ. ಮನೆಗೆ ಬರುವ ಹೊತ್ತಿಗೆ ಅವಳಿಗೆ ಹೆಜ್ಜೆ ಎತ್ತಲು ಆಗುತ್ತಿರಲಿಲ್ಲ. ಜಗಲಿಯ ಮೇಲೆ ಕೂತು ಹಗ್ಗವನ್ನು ನನ್ನ ಕೈಗೆ ಹಾಕಿದಳು. ಅವತ್ತು ಬಾರದವರು ಆರು ಜನ. ಆರು ಗಂಟನ್ನೂ ಒಂದೊಂದಾಗಿ ಮುಟ್ಟಿ ತೋರಿಸಿದಳು. ಕರಿ ಉಣ್ಣೆಯ ಗಂಟು ಬಂದಾಗ ನನ್ನ ಬೆರಳನ್ನು ಅದರ ಮೇಲೆ ಒತ್ತಿ ಹಿಡಿದಳು. ಕೆಂಚಿ ಕಳ್ಳಂಬೆಳ್ಳದಲ್ಲಿ ಅಜ್ಜಿಯ ಮನೆಗೆ ಹೋಗಿದ್ದಳು, ಭಾನುವಾರ ಬರುವವಳಿದ್ದಳು.

"ಮೊದ್ಲು ಈರಕ್ಕನ ಬಾಗ್ಲಿಗೆ ಹೋಗ್ಲಾ ರುದ್ರ. ಮಾತು ಕೊಟ್ಟಿದೀನಿ."

ನನಗಾಗ ಇಪ್ಪತ್ತಮೂರು. ಹೆಂಗಸಿನ ಕೋಲು ಹಿಡಿದು ಬಾಗಿಲು ಬಾಗಿಲು ತಟ್ಟುವುದೆಂದರೆ ಪ್ರಾಣ ಹೋದ ಹಾಗೆ. ಹಿಂದೊಮ್ಮೆ ಅಕ್ಕನ ಹಗ್ಗ ಹೆಗಲಿಗೆ ಹಾಕಿಕೊಂಡು ಕುರುಬರ ಬೀದಿಗೆ ಹೋಗಿದ್ದಾಗ ಹಾಸಿನ ಮೇಲೆ ಗಂಜಿ ಬಳಿಯುತ್ತಿದ್ದ ನನ್ನ ಓರಗೆಯವರು ಆಡಿಕೊಂಡಿದ್ದರು. ಒಬ್ಬ ನನ್ನ ಮುಂಗೈ ಹಿಡಿದು, ಬಳೆಗಾರನ್ನ ಕರೀಲೇನ್ಲಾ, ಯಾವ ಬಣ್ಣ ಆಗ್ಬೌದು ಎಂದಿದ್ದ. ಬೀದಿಯೆಲ್ಲ ನಕ್ಕಿತ್ತು. ಅದಕ್ಕೇ ಆ ಬಾಗಿಲನ್ನು ಕೊನೆಗೆ ಇಟ್ಟುಕೊಂಡೆ. ಐದು ಮನೆಗೆ ಹೋದೆ, ಹೇಳಿದೆ, ತಿರುಗಿ ಹೇಳಿಸಿದೆ. ಆಮೇಲೆ ಕೆರೆ ಏರಿ ಹಿಡಿದು ತೂಬಿನ ಕಲ್ಲಿನವರೆಗೆ ನಡೆದೆ. ಅಲ್ಲಿಂದ ಬೀದಿ ಕಾಣುತ್ತದೆ. ಹಾಸು ಕಟ್ಟಿದ್ದರು. ಅವರೆಲ್ಲ ಅಲ್ಲೇ ಇದ್ದರು. ಒಬ್ಬ ನನ್ನ ಕಡೆ ಕೈ ಬೀಸಿದ. ಕರೆದನೋ, ಆಡಿಕೊಂಡನೋ, ಇವತ್ತಿಗೂ ಗೊತ್ತಿಲ್ಲ. ಹೇಗೂ ಊರಿನ ಸುದ್ದಿ ಮುಟ್ಟುತ್ತೆ, ನಾನೇ ಹೇಳಬೇಕೇ ಎಂದುಕೊಂಡೆ. ತಿರುಗಿದೆ.

ತೂಬಿನಿಂದ ಈರಕ್ಕನ ಬಾಗಿಲಿಗೆ ಇನ್ನೂರು ಹೆಜ್ಜೆ. ಆಮೇಲೆ ಹೋಗಿ ಎಣಿಸಿದ್ದೇನೆ.

ಎಲ್ಲಾ ಆಯಿತು ಎಂದೆ. ಬೇರೆ ದಿನವಾಗಿದ್ದರೆ ಅಕ್ಕ ಒಂದೊಂದು ಬಾಗಿಲಲ್ಲಿ ಏನಂದರು, ಹೇಗಂದರು ಎಂದು ಕೇಳುತ್ತಿದ್ದಳು. ಅವತ್ತು ಅವಳಿಗೆ ಜ್ವರ ಏರಿತ್ತು. ಮರುದಿನ ಬೆಳಿಗ್ಗೆಯೇ ಊರು ಮೂಟೆ ಕಟ್ಟಿತು. ನಾವೂ ಅಕ್ಕನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಹೊಲಕ್ಕೆ ಹೋದೆವು. ಹೋದದ್ದು ಬೆಟ್ಟದ ಕಡೆಗೆ. ಕೆರೆಯ ಆಚೆಗೆ ಯಾರೂ ಹೋಗಲಿಲ್ಲ, ಊರು ಖಾಲಿಯಾದದ್ದು ಆ ಬೀದಿಗೆ ಗೊತ್ತಾಗಲಿಲ್ಲ.

ಸೋಮವಾರ ಕೆಂಚಿ ಕೂದಲು ಬಾಚಿಸಿಕೊಂಡು ಅಕ್ಕನಿಗೆ ಕಾದಳಂತೆ. ನಂಜಕ್ಕ ಬರಲಿಲ್ಲ. ಹೊತ್ತಾಗುತ್ತೆ ಎಂದು ಸ್ಲೇಟು ಎತ್ತಿಕೊಂಡು ತಾನೇ ಹೋದಳು. ಸ್ಕೂಲಿನ ಬಾಗಿಲಿಗೆ ಬೀಗ ಹಾಕುವಷ್ಟು ಜವಾಬ್ದಾರಿಯೂ ಆ ದೊಡ್ಡ ಮನುಷ್ಯರಿಗೆ ಇರಲಿಲ್ಲ, ಚಿಲಕ ಸಿಕ್ಕಿಸಿ ಹೋಗಿದ್ದರು. ಒಳಗೆ ಯಾರೂ ಇಲ್ಲ. ನೆಲದ ಮೇಲೆ ಇಲಿಗಳು. ಎಂಟು ವರ್ಷದ ಮಗು ಏನು ಮಾಡೀತು? ಪೊರಕೆ ತಗೊಂಡಿತು. ಸಂಜೆ ಅವ್ವನ ಹತ್ತಿರ ಹಿಗ್ಗಿನಿಂದ ಹೇಳಿತಂತೆ.

"ಸ್ಕೂಲೆಲ್ಲ ನಾನೇ ಗುಡಿಸ್ದೆ ಕಣವ್ವ. ಸತ್ತಿದ್ ಇಲಿ ಬಾಲ ಹಿಡ್ದು ಆಚೆಗೆಸ್ದೆ. ನಂಜಕ್ಕ ನೋಡುದ್ರೆ ಖುಷಿ ಪಡ್ತಾಳೆ."

ಇಲಿ ಅಂದ ಕೂಡಲೇ ಈರಕ್ಕನಿಗೆ ಎಲ್ಲಾ ತಿಳಿಯಿತು. ಮಗುವಿನ ಮೈ ತೊಳೆದಳು, ಬಟ್ಟೆ ಸುಟ್ಟಳು. ಗುರುವಾರ ಜ್ವರ. ಶುಕ್ರವಾರ ಕಂಕುಳಲ್ಲಿ ಗೆಡ್ಡೆ ಎದ್ದಿತು. ಭಾನುವಾರ ಮಗು ಇರಲಿಲ್ಲ.

ಬೀರಣ್ಣ ಮಗಳನ್ನು ಮಣ್ಣು ಮಾಡಿ ನೇರವಾಗಿ ನಮ್ಮ ಗುಡಿಸಲುಗಳ ಕಡೆಗೆ ಬಂದ. ಹುಣಿಸೆ ಮರದ ಕೆಳಗೆ ಅಧ್ಯಕ್ಷರು, ಹೆಡ್ ಮೇಷ್ಟ್ರು, ಊರಿನ ಹತ್ತು ಜನ ಸೇರಿದರು. ಅಕ್ಕನೂ ನನ್ನ ಹೆಗಲು ಹಿಡಿದುಕೊಂಡು ಬಂದಳು. ಈರಕ್ಕ ದೂರದಲ್ಲಿ ಕಂಬಳಿ ಹೊದ್ದು ನಿಂತಿದ್ದಳು. ಬೀರಣ್ಣ ಕೂಗಾಡಲಿಲ್ಲ. ಅಕ್ಕನನ್ನೇ ನೋಡಿ ಕೇಳಿದ.

"ಊರಿನ ಬಾಗ್ಲಿಗೆಲ್ಲ ಹೋದೆ. ನಮ್ ಬಾಗ್ಲು ಒಂದು ಯಾಕ್ ಬುಟ್ಟೆ ನಂಜಕ್ಕ? ಕೆರೆಯಿಂದಾಚೆ ಇರೋರು ಅಂತಾನಾ?"

ಅಕ್ಕ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಅನುಮಾನದ ಒಂದು ಎಳೆಯೂ ಇರಲಿಲ್ಲ. ಹೋಗಿದ್ದೆ ತಾನೆ ಎಂದಳು. ಹತ್ತು ಜನ ನನ್ನನ್ನು ನೋಡುತ್ತಿದ್ದರು. ಹೋಗಿದ್ದೆ ಎಂದೆ.

ಅಕ್ಕ ಕೊರಳಿನಿಂದ ಲಿಂಗವನ್ನು ಬಿಡಿಸಿ ಎಡ ಅಂಗೈ ಮೇಲೆ ಇಟ್ಟುಕೊಂಡಳು. ನಮ್ಮವರಲ್ಲಿ ಅದಕ್ಕಿಂತ ದೊಡ್ಡ ಆಣೆ ಇಲ್ಲ. ನನ್ನ ತಮ್ಮ ನಿಮ್ಮ ಬಾಗಿಲಿಗೆ ಬಂದಿದ್ದಾನೆ, ಈ ಲಿಂಗದಾಣೆ ಎಂದಳು. ಈರಕ್ಕ ದೂರದಿಂದ, ಬಂದಿರ್ನಿಲ್ಲ ಕಣಕ್ಕ ಎಂದಳು. ಅಷ್ಟೇ. ಬೀರಣ್ಣ ನೆಲಕ್ಕೆ ಉಗುಳಿ ಹೋದ.

ಅಧ್ಯಕ್ಷರಿಗೆ ಇದಕ್ಕಿಂತ ಒಳ್ಳೆಯ ದಿನ ಸಿಕ್ಕಿರಲಿಕ್ಕಿಲ್ಲ. ಅಟ್ಟದ ರಾಗಿಯ ಮಾತು ಯಾರೂ ಎತ್ತಲಿಲ್ಲ. ಬೀಗವಿಲ್ಲದ ಬಾಗಿಲಿನ ಮಾತು ಎತ್ತಲಿಲ್ಲ. ಹೆಡ್ ಮೇಷ್ಟ್ರು ಅಲ್ಲೇ ಸ್ಕೂಲಿನ ಪುಸ್ತಕ ಬಿಚ್ಚಿ ಎರಡು ಸಾಲು ಬರೆದು ಗಟ್ಟಿಯಾಗಿ ಓದಿದರು. ನಂಜಮ್ಮ ಎಂಬವಳು ಅಪ್ಪಣೆ ಮೀರಿ ಇಲಿಯ ಸುದ್ದಿ ಹರಡಿ ಊರನ್ನು ಹೆದರಿಸಿದಳು, ಇದು ಒಂದನೆಯ ತಪ್ಪು. ಬೀರಣ್ಣನ ಮನೆಗೆ ಸುದ್ದಿ ಹೇಳದೆ ಮಗುವಿನ ಸಾವಿಗೆ ಕಾರಣಳಾದಳು, ಇದು ಎರಡನೆಯದು. ಹೇಳಿದ್ದೂ ತಪ್ಪು, ಹೇಳದಿದ್ದದ್ದೂ ತಪ್ಪು. ಆ ಹತ್ತು ಜನರಲ್ಲಿ ಒಬ್ಬನಾದರೂ, ಅವಳು ಹೇಳಿದ್ದರಿಂದಲೇ ನನ್ನ ಮಗಳು ಬದುಕಿದಳು ಎಂದನೇ? ಶಾನುಭೋಗರಿದ್ದರು. ಗಾಣಿಗನಿದ್ದ. ಬಾಯಿ ಇತ್ತು ಅವರಿಗೆ. ಆದರೆ ಅವರನ್ನು ಬೈಯುವುದಕ್ಕೆ ನನಗೆ ಯಾವ ಬಾಯಿ ಇದೆ?

ಅಕ್ಕನ ಕೆಲಸ ಹೋಯಿತು. ಅವಳ ಜಾಗಕ್ಕೆ ಅಧ್ಯಕ್ಷರ ಕಡೆಯ ಒಬ್ಬ ಹೆಂಗಸು ಬಂದಳು. ಅವಳು ಯಾರ ಹೊಸ್ತಿಲನ್ನೂ ತಟ್ಟಲಿಲ್ಲ. ಕುರುಬರ ಬೀದಿಯಿಂದ ಆಮೇಲೆ ಒಂದು ಹೆಣ್ಣುಮಗುವೂ ಸ್ಕೂಲಿಗೆ ಬರಲಿಲ್ಲ.

ಊರಿಗೆ ವಾಪಸು ಬಂದು ತಿಂಗಳಾಗಿರಬೇಕು. ಅಕ್ಕ ಹುಣಿಸೆ ಹಣ್ಣಿನ ಬೀಜ ಬಿಡಿಸುತ್ತಾ, ತಲೆ ಎತ್ತದೆ, ಅವತ್ತು ಒಂದೊಂದು ಬಾಗಿಲಲ್ಲಿ ಏನೇನು ತಿರುಗಿ ಹೇಳಿದರು ಎಂದು ಕೇಳಿದಳು. ಐದು ಬಾಗಿಲಿನದು ಹೇಳಿದೆ, ಅವರವರ ಮಾತಿನಲ್ಲೇ. ಮತ್ತೆ ಈರಕ್ಕ ಏನಂದಳು ಎಂದಳು. ಹೂಂ ಅಂದಳು ಎಂದೆ.

ಈರಕ್ಕ ಯಾವತ್ತೂ ಬರಿಯ ಹೂಂ ಅಂದವಳಲ್ಲ. ಒಂದು ಮಾತಿಗೆ ಹತ್ತು ಪ್ರಶ್ನೆ ಕೇಳುವವಳು. ಅಕ್ಕನ ಕೈ ನಿಂತಿತು. ಎಡ ಅಂಗೈಯನ್ನು ಬಿಡಿಸಿ ಬಹಳ ಹೊತ್ತು ನೋಡಿದಳು. "ಈ ಕೈಲಿ ಸುಳ್ಳು ಇಕ್ಕೊಂಡಿದ್ನಲ್ಲಾ ಶಿವ್ನೆ," ಎಂದಳು. ನನಗೆ ಹೇಳಿದ್ದಲ್ಲ. ಮತ್ತೆ ಬೀಜ ಬಿಡಿಸತೊಡಗಿದಳು.

ಅವತ್ತಿನಿಂದ ಅಕ್ಕ ಪೂಜೆಗೆ ಲಿಂಗವನ್ನು ಅಂಗೈ ಮೇಲೆ ಇಟ್ಟುಕೊಳ್ಳಲಿಲ್ಲ. ಹಿತ್ತಾಳೆ ತಟ್ಟೆಯಲ್ಲಿಟ್ಟು ನೀರು ಹಾಕಿ ಮತ್ತೆ ಕಟ್ಟಿಕೊಳ್ಳುತ್ತಿದ್ದಳು. ಸ್ವಾಮಿಗಳು ಕೇಳಿದರೆ ಕೈ ಸರಿಯಿಲ್ಲ ಬುದ್ಧಿ ಅನ್ನುತ್ತಿದ್ದಳು. ಇಪ್ಪತ್ತೆರಡು ವರ್ಷ ದಿನವೂ ನಾನು ಅದನ್ನು ನೋಡಿದೆ. ಅವಳು ಹೋಗಿ ಈರಕ್ಕನಿಗೆ ಹೇಳಬಹುದಿತ್ತು. ಹೇಳಿದರೆ ಬೀರಣ್ಣ ನನ್ನನ್ನು ಬಿಡುತ್ತಿರಲಿಲ್ಲ. ಊರು ನನಗೆ ಹೆಣ್ಣು ಕೊಡುತ್ತಿರಲಿಲ್ಲ. ಯಾರಿಗೂ ಸುಳ್ಳು ಹೇಳದವಳು ನನಗಾಗಿ ಬಾಯಿ ಮುಚ್ಚಿಕೊಂಡಳು. ನಾನು ಮದುವೆಯಾದೆ, ಮಕ್ಕಳಾದವು, ಅವಳು ಸಾಕಿದಳು. ನನಗೆ ಅವಳ ಮೇಲೆ ಸಿಟ್ಟು ಬರುತ್ತಿತ್ತು. ಬೈದಿದ್ದರೆ, ಒಂದು ಏಟು ಹಾಕಿದ್ದರೆ ಎಷ್ಟು ಹಗುರವಾಗುತ್ತಿತ್ತು. ಅವಳು ರೊಟ್ಟಿ ತಟ್ಟಿ ಇಟ್ಟು, ಉಣ್ಲಾ ಅನ್ನುತ್ತಿದ್ದಳು.

ಕಡೆಗಾಲದಲ್ಲಿ ಎದೆಯಲ್ಲಿ ನೀರು ಸೇರಿ ಮಲಗಿದಳು. ಒಂದು ಬೆಳಿಗ್ಗೆ ಗೋಡೆಗೆ ಒರಗಿಸಿ ಕೂರಿಸಿ ಗಂಜಿ ಕುಡಿಸುತ್ತಿದ್ದೆ. ಮೂಲೆಯ ಕಡೆ ಕಣ್ಣು ತೋರಿಸಿದಳು. ಕೋಲು ಅಲ್ಲಿತ್ತು, ಅದರ ತಲೆಗೆ ಸುತ್ತಿದ ಹಗ್ಗ.

"ಒಂದ್ ಬಾಗ್ಲು ಉಳ್ಕೊಂಡದೆ ಕಣ್ಲಾ. ನನ್ ಕೈಲಿ ಇನ್ ನಡಿಯಕ್ಕಾಗಲ್ಲ."

ಮಾರನೆಯ ದಿನ ಹೋದಳು. ಅವಳ ಎಡ ಅಂಗೈಯಲ್ಲಿ ಲಿಂಗ ಇಟ್ಟು ಸಮಾಧಿ ಮಾಡಿದರು. ಬೆರಳು ಮಡಿಸಿ ಮುಚ್ಚಿದ್ದು ನಾನೇ.

ಹನ್ನೊಂದು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಕೋಲು ತೆಗೆದುಕೊಂಡು, ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಕೆರೆ ಏರಿ ಹಿಡಿದೆ. ತೂಬಿನ ಹತ್ತಿರ ಕಾಲು ನಿಂತವು. ಬೀದಿಯಲ್ಲಿ ಹಾಸು ಕಟ್ಟಿದ್ದರು. ಅಂದಿನವರೇ, ತಲೆ ನೆರೆತಿತ್ತು, ಜೊತೆಗೆ ಅವರ ಮಕ್ಕಳು ಗಂಜಿ ಬಳಿಯುತ್ತಿದ್ದರು. ಇನ್ನೂರು ಹೆಜ್ಜೆ ನಡೆದೆ. ಯಾರೂ ನಗಲಿಲ್ಲ. ಹಗ್ಗ ನೋಡಿ ಕೈ ನಿಲ್ಲಿಸಿದರು. ಹೊಸ್ತಿಲಿಗೆ ಮೂರು ಸಲ ತಟ್ಟಿದೆ.

ಆ ತಟ್ಟಿಗೆ ಒಳಗಿನಿಂದ ಮುದಿ ದನಿ ಬಂತು, ಅಕ್ಕನಿಗೆ ಹೇಳುತ್ತಿದ್ದ ಹಾಗೆಯೇ. "ಬಂದೆ ಕಣಕ್ಕ, ನಿಂತ್ಕೊ."

ಈರಕ್ಕ ಗೋಡೆ ಹಿಡಿದುಕೊಂಡು ಬಂದಳು. ನನ್ನನ್ನು ಕಂಡಳು, ಕೋಲನ್ನು ಕಂಡಳು, ಹಗ್ಗದ ಕೊನೆಯಲ್ಲಿದ್ದ ಕರಿ ಉಣ್ಣೆಯ ಗಂಟನ್ನು ಕಂಡಳು. ನಾನು ಹೇಳಿದೆ. ನೆಲ ನೋಡುತ್ತಾ, ಅವಳೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳಿದೆ. ಅವಳು ಎಲ್ಲವನ್ನೂ ಕೇಳಿ, ಒಳಗಿದ್ದ ಬೀರಣ್ಣನನ್ನು ಕರೆದಳು. ಅವನಿಗೆ ಕಿವಿ ಮಂದವಾಗಿತ್ತು. ಬೀದಿಯವರ ಕಡೆಗೂ ಒಮ್ಮೆ ನೋಡಿದಳು.

"ತಿರುಗಿ ಹೇಳು," ಎಂದಳು. "ಎಲ್ರಿಗೂ ಕೇಳಂಗೆ ಹೇಳು."

ನಾನು ಬೀದಿಗೆ ಕೇಳುವ ಹಾಗೆ ಹೇಳಿದೆ.

"ಸ್ಕೂಲಿನ ಮಾತು. ಇಲಿ ಬಿದ್ದವೆ, ಮಗೀನ ಕಳಿಸ್ಬ್ಯಾಡ ಅಂತ ಅಕ್ಕ ಮೊದ್ಲು ನಿನ್ ಬಾಗ್ಲಿಗೇ ಕಳ್ಸಿದ್ಲು ಈರಕ್ಕ. ಹೋಗಿದ್ದೆ ಅಂತ ಹೇಳಿದ್ದೆ. ಹೋಗಿರ್ನಿಲ್ಲ. ಇವ್ರು ನಗ್ತಾರೆ ಅಂತ ತೂಬಿನ ತಾವಿಂದ ತಿರುಗ್ಬುಟ್ಟೆ. ಅಕ್ಕ ನನ್ನ ನಂಬಿ ಆಣೆ ಇಟ್ಲು. ಕೆಂಚೀನ ಕೊಂದೋನು ನಾನು. ತಪ್ಪು ನಂದು, ನಂಜಕ್ಕಂದಲ್ಲ. ತಪ್ಪಾಯ್ತು ಕಣಕ್ಕ."